ಕಾವ್ಯಮಂಜರಿ: ಹಳೆಯ ಕಾವ್ಯಗಳ ಮಾಸಪತ್ರಿಕೆ ಮತ್ತು ಮರೆಯಲ್ಲಿ ನಿಂತ ಕವಿ

‘ಕರ್ನಾಟಕ ಕಾವ್ಯಮಂಜರಿ’ ಎಂಬುದು 1892ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಾಸಪತ್ರಿಕೆ. ಓಲೆಗರಿಗಳಲ್ಲಿಯೂ ಕಾಗದದ ಕೈಬರಹದ ಪ್ರತಿಗಳಲ್ಲಿಯೂ ಉಳಿದಿದ್ದ ಹಳೆಯ ಕನ್ನಡ ಕಾವ್ಯಗಳನ್ನು ಪರಿಷ್ಕರಿಸಿ, ಕಂತುಕಂತಾಗಿ ಅಚ್ಚುಮಾಡಿ, ಸಾಮಾನ್ಯ ಓದುಗನ ಕೈಗೆಟಕುವಂತೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಎಂ. ಎ. ರಾಮಾನುಜಯ್ಯಂಗಾರ್ (1862–1937) ಮತ್ತು ಎಸ್. ಜಿ. ನರಸಿಂಹಾಚಾರ್ (1862–1907) ಇದರ ಸಂಪಾದಕರು. ಈ ಕಾರ್ಯವು ಮುಂದೆ ‘ಕರ್ನಾಟಕ ಕಾವ್ಯಕಲಾನಿಧಿ’ ಎಂಬ ಹೆಸರಿನಲ್ಲಿ ರಾಮಾನುಜಯ್ಯಂಗಾರರ ನೇತೃತ್ವದಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು.

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಈ ಪತ್ರಿಕೆಗೆ ಎರಡು ಕಾರಣಗಳಿಂದ ಸ್ಥಾನವಿದೆ. ಮೊದಲನೆಯದು, ಅದು ಹಳೆಯ ಕವಿಗಳನ್ನು ಮನೆಮನೆಗೆ ಕಳುಹಿಸಿತು. ಎರಡನೆಯದು, ಹಳೆಯ ಕವಿಗಳ ಸಾಲಿನಲ್ಲಿ ಅದು ತನಗೆ ತಿಳಿಯದೆಯೇ ಒಬ್ಬ ಇಪ್ಪತ್ತೈದರ ತರುಣನನ್ನೂ ಅಚ್ಚುಮಾಡಿತು. ಈ ಎರಡು ಸಂಗತಿಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಉಳಿಸುವ ಎರಡು ದಾರಿಗಳು

ನಾನು ನೆಲಸಿರುವ ವೆಲ್ಲಿಂಗ್ಟನ್ನಿನ ಮೋಲ್ಸ್‌ವರ್ತ್ ರಸ್ತೆಯಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ಗ್ರಂಥಾಲಯವಿದೆ. ಅದರೊಳಗಿನ ಟರ್ನ್‌ಬುಲ್ ಗ್ರಂಥಾಲಯವು 1918ರಲ್ಲಿ ತೀರಿಕೊಂಡ ಅಲೆಗ್ಸಾಂಡರ್ ಟರ್ನ್‌ಬುಲ್ ಎಂಬ ವರ್ತಕನು ದೇಶಕ್ಕೆ ಬಿಟ್ಟುಹೋದ ಪುಸ್ತಕಗಳಿಂದ ಬೆಳೆದದ್ದು. ಮಿಲ್ಟನ್ ಕವಿಯ ಹಳೆಯ ಮುದ್ರಣಗಳಿಗೆ ಅದು ಹೆಸರಾಗಿದೆ. ಸಿರಿವಂತನೊಬ್ಬನು ಅಪೂರ್ವ ಪ್ರತಿಗಳನ್ನು ಕೊಂಡು ಒಂದೆಡೆ ಕೂಡಿಡುವುದು ಕಾವ್ಯವನ್ನು ಉಳಿಸುವ ಒಂದು ದಾರಿ. ಅಪೂರ್ವವಾದುದನ್ನು ಅಪೂರ್ವವಾಗಿ ಇರಗೊಡದೆ, ಅದರ ಪ್ರತಿಗಳನ್ನು ನೂರುಗಟ್ಟಲೆಯಾಗಿ ಮಾಡಿ ಹಂಚುವುದು ಇನ್ನೊಂದು ದಾರಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವು ಈ ಎರಡನೆಯ ದಾರಿಯ ಕಾಲ. ಜರ್ಮನಿಯಲ್ಲಿ 1867ರಲ್ಲಿ ರೆಕ್ಲಾಮ್ ಪ್ರಕಾಶನವು ಗಯಟೆಯ ‘ಫೌಸ್ಟ್’ನಿಂದ ತನ್ನ ಅಗ್ಗದ ಮಾಲೆಯನ್ನು ಆರಂಭಿಸಿತು. ಇಂಗ್ಲೆಂಡಿನಲ್ಲಿ 1886ರಿಂದ ಕ್ಯಾಸೆಲ್ ಸಂಸ್ಥೆಯು ವಾರಕ್ಕೊಂದರಂತೆ ಮೂರು ಪೆನ್ನಿಯ ಪುಸ್ತಕಗಳನ್ನು ಹೊರಡಿಸಿತು, 1895ರಲ್ಲಿ ಡಬ್ಲ್ಯು. ಟಿ. ಸ್ಟೆಡ್ ಎಂಬ ಪತ್ರಕರ್ತನು ಕವಿಗಳನ್ನು ಒಂದೇ ಪೆನ್ನಿಗೆ ಮಾರತೊಡಗಿದನು. ಮುಂಬಯಿಯಲ್ಲಿ ಜಾವಜಿ ದಾದಾಜಿಯವರ ನಿರ್ಣಯಸಾಗರ ಮುದ್ರಣಾಲಯವು 1886ರಲ್ಲಿ ‘ಕಾವ್ಯಮಾಲಾ’ ಎಂಬ ಮಾಲೆಯ ಮೂಲಕ ಸಂಸ್ಕೃತ ಕಾವ್ಯಗಳನ್ನು ಕಂತುಗಳಲ್ಲಿ ಪ್ರಕಟಿಸಲು ಆರಂಭಿಸಿತು. ಆರು ವರ್ಷಗಳ ಬಳಿಕ ಮೈಸೂರಿನಲ್ಲಿ ಹುಟ್ಟಿದ ಕಾವ್ಯಮಂಜರಿಯು ಹೆಸರಿನಲ್ಲಿಯೂ ಕ್ರಮದಲ್ಲಿಯೂ ಇದೇ ಕುಲಕ್ಕೆ ಸೇರಿದುದು.

ಕನ್ನಡದಲ್ಲಿ ಅದಕ್ಕೆ ಮೊದಲು

ಹಳೆಯ ಕನ್ನಡ ಕಾವ್ಯಗಳ ಮುದ್ರಣವು ಕಾವ್ಯಮಂಜರಿಯಿಂದ ಆರಂಭವಾದುದಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮತ್ತು ಅವರ ಜೊತೆಗಾರ ವೈಗ್ಲೆಯವರು 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯನ್ನು ಹೊರತಂದರು. ‘ಜೈಮಿನಿ ಭಾರತ’, ‘ಬಸವಪುರಾಣ’, ‘ಚೆನ್ನಬಸವಪುರಾಣ’, ‘ದಾಸರ ಪದಗಳು’ ಮೊದಲಾದುವು ಅದರಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾದುವು. ಅದರ ಖರ್ಚನ್ನು ವಹಿಸಿದವರು ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಮೇಜರ್. ಮುಂದೆ ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು ಅದೇ ಹೆಸರಿನ ಸರಕಾರೀ ಮಾಲೆಯೊಂದನ್ನು ನಡೆಸಿದರು. ಪಂಪನ ‘ವಿಕ್ರಮಾರ್ಜುನ ವಿಜಯ’ವು 1898ರಲ್ಲಿ ಅಚ್ಚಾದುದು ಆ ಮಾಲೆಯಲ್ಲಿ.

ಮೊದಲನೆಯದಕ್ಕೆ ಒಬ್ಬ ದಾನಿ, ಎರಡನೆಯದಕ್ಕೆ ಒಂದು ಸರಕಾರ ಬೆಂಬಲವಾಗಿದ್ದುವು. ಮಾಸಪತ್ರಿಕೆಯ ಲೆಕ್ಕಾಚಾರವೇ ಬೇರೆ. ಅದರ ಬೆಂಬಲ ಚಂದಾದಾರ. ಇಡೀ ಗ್ರಂಥದ ಬೆಲೆಯನ್ನು ಒಮ್ಮೆಗೇ ತೆರಲಾರದ ಉಪಾಧ್ಯಾಯನೋ ಗುಮಾಸ್ತನೋ ಕಂತಿನಲ್ಲಿ ತೆರಬಲ್ಲನು; ಇಡೀ ಗ್ರಂಥಕ್ಕೆ ಬೇಕಾದ ಕಾಗದವನ್ನು ಒಮ್ಮೆಗೇ ಕೊಳ್ಳಲಾರದ ಪ್ರಕಾಶಕನು ಒಂದು ಸಂಚಿಕೆಗೆ ಬೇಕಾದಷ್ಟನ್ನು ಕೊಳ್ಳಬಲ್ಲನು. ಮುದ್ರಕನ ಮಟ್ಟಿಗೂ ಅಷ್ಟೇ: ಕೆಲವು ಪುಟಗಳಿಗಾಗುವಷ್ಟು ಮೊಳೆಗಳಿದ್ದರೆ ಸಾಕು, ಅಚ್ಚಾದ ಮೇಲೆ ಬಿಡಿಸಿ ಮುಂದಿನ ಪುಟಗಳಿಗೆ ಜೋಡಿಸಬಹುದು. ಸಂಚಿಕೆಗಳನ್ನು ಕೂಡಿಟ್ಟು, ಕೃತಿ ಮುಗಿದ ಮೇಲೆ ರಟ್ಟು ಹಾಕಿಸಿಕೊಂಡರೆ ಓದುಗನ ಮನೆಯಲ್ಲಿ ಒಂದು ಗ್ರಂಥ ಸಿದ್ಧ.

ಸಂಪಾದಕರ ಕೆಲಸ

ಹೊತ್ತಗೆಯ ಬೆಲೆ ಕಡಿಮೆಯಾದರೂ ಅದರ ಹಿಂದಿನ ಶ್ರಮ ಕಡಿಮೆಯದಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಪದ್ಯದ ಪಾದಗಳೂ ಸಾಲುಸಾಲಾಗಿ ನಿಂತಿರುವುದಿಲ್ಲ. ಎಲ್ಲಿ ಪದವನ್ನು ಒಡೆಯಬೇಕೆಂಬುದನ್ನು ಛಂದಸ್ಸು ಮತ್ತು ಅರ್ಥಗಳ ಬಲದಿಂದಲೇ ತೀರ್ಮಾನಿಸಬೇಕು. ಬಳಕೆ ತಪ್ಪಿದ ಱ, ೞ ಅಕ್ಷರಗಳನ್ನು ನಂತರದ ಲಿಪಿಕಾರರು ರ, ಳ ಎಂದು ಬರೆದುಬಿಟ್ಟಿರುತ್ತಾರೆ. ಹುಳು ತಿಂದ ಭಾಗಕ್ಕೆ ಇನ್ನೊಂದು ಪ್ರತಿಯನ್ನು ಅರಸಬೇಕು. ಎರಡು ಪ್ರತಿಗಳು ಸಿಕ್ಕರೆ ಅವು ಒಂದನ್ನೊಂದು ಒಪ್ಪುವುದಿಲ್ಲ.

1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕಾಲಯವು (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ಸ್ಥಾಪಿತವಾಗಿ, ಹಸ್ತಪ್ರತಿಗಳು ಅಲ್ಲಿ ಸೇರತೊಡಗಿದ್ದುವು. ನರಸಿಂಹಾಚಾರ್ ಅಲ್ಲಿ ಕನ್ನಡ ಪಂಡಿತರಾಗಿ ಕೆಲಸಮಾಡಿದವರು. ಅವರು ತಾವೇ ಕವಿಗಳು. ಮಕ್ಕಳಿಗಾಗಿ ಬರೆದವರು, ಇಂಗ್ಲಿಷಿನಿಂದ ಅನುವಾದಿಸಿದವರು. ಹಳೆಯದನ್ನು ಪರಿಷ್ಕರಿಸುವ ಕೈಯೇ ಹೊಸದನ್ನೂ ಬರೆಯುತ್ತಿತ್ತು ಎಂಬುದನ್ನು ನಾವು ನೆನಪಿಡಬೇಕು. ಏಕೆಂದರೆ ಅವರ ಪತ್ರಿಕೆಯ ಬಾಗಿಲು ಮಾತ್ರ, ಅದರ ಉದ್ದೇಶಕ್ಕೆ ತಕ್ಕಂತೆ, ಹಳಬರಿಗಾಗಿ ತೆರೆದಿತ್ತು.

ಉಡುಪಿಯಿಂದ ಬಂದ ಪ್ರತಿಗಳು

ಆ ಬಾಗಿಲನ್ನು ತಟ್ಟಿದವನು ನಂದಳಿಕೆ ಲಕ್ಷ್ಮೀನಾರಣಪ್ಪ. 1870ರ ಜನವರಿ 24ರಂದು ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಹುಟ್ಟಿದ ಇವನಿಗೆ ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹೆಸರು ಮುದ್ದಣ. ಬಡತನದಿಂದ ಓದು ಮುಂದುವರಿಯದೆ, ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಉಡುಪಿಯಲ್ಲಿ ಶಾಲೆಯ ಡ್ರಿಲ್ ಮಾಸ್ತರನಾದನು. ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. ಉಡುಪಿಯ ವಿದ್ವಾಂಸ ಮಳಲಿ ಸುಬ್ಬರಾಯರ ಸ್ನೇಹದಲ್ಲಿ ಹಳಗನ್ನಡವನ್ನು ರೂಢಿಸಿಕೊಂಡನು.

ಇವನು ತಾನು ಬರೆದ ಕಾವ್ಯಗಳನ್ನು ಹಳೆಯ ಪ್ರತಿಗಳೆಂದು ಮೈಸೂರಿಗೆ ಕಳುಹಿಸಿದನು. ಆಗ ಉಡುಪಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಬೇರೆಯೇ ಸಂಸ್ಥಾನ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಘಟ್ಟವನ್ನು ಹತ್ತಿ ಬಂದ ಅಂಚೆಯ ಕಟ್ಟಿನಲ್ಲಿ ಕೃತಿಯಷ್ಟೇ ಇತ್ತು. ಕೃತಿಕಾರನನ್ನು ಕಣ್ಣಾರೆ ಕಂಡು ವಿಚಾರಿಸುವ ಅವಕಾಶವಿರಲಿಲ್ಲ.

ಗದ್ಯಕೃತಿಯಾದ ‘ಅದ್ಭುತ ರಾಮಾಯಣ’ವು 1895ರಲ್ಲಿಯೂ, ವಾರ್ಧಕ ಷಟ್ಪದಿಯ ‘ಶ್ರೀರಾಮ ಪಟ್ಟಾಭಿಷೇಕ’ವು 1896ರಲ್ಲಿಯೂ ಕಾವ್ಯಮಂಜರಿಯಲ್ಲಿ ಪ್ರಕಟವಾದುವು. ಎರಡನೆಯದರ ಕರ್ತೃವೆಂದು ಅವನು ಕಾಣಿಸಿದ ಹೆಸರು ಮಹಾಲಕ್ಷ್ಮಿ. ಅದು ಅವನ ತಾಯಿಯ ಹೆಸರು. ಕೊನೆಯ ಹಾಗೂ ಶ್ರೇಷ್ಠ ಕೃತಿಯಾದ ‘ಶ್ರೀರಾಮಾಶ್ವಮೇಧ’ವು 1899ರಿಂದ ಕಾವ್ಯಕಲಾನಿಧಿಯಲ್ಲಿ ಬಂದಿತು. ಅದರ ಕವಿ ಮುದ್ದಣ. ಓದುಗರು ಅವನನ್ನೂ ಹಿಂದಿನ ಕಾಲದವನೆಂದೇ ಬಗೆದರು.

ಕಣ್ಣಿಗೆ ಬಿದ್ದರೂ ಕಾಣದ ಲಕ್ಷಣಗಳು

ರಾಮಾಶ್ವಮೇಧದೊಳಗೆ ಹೊಸ ಕಾಲದ ಗುರುತುಗಳು ಬೇಕಾದಷ್ಟಿವೆ. ಕಥೆಯನ್ನು ಕೇಳುವವನು ರಾಜನಲ್ಲ, ಋಷಿಯೂ ಅಲ್ಲ. ಕವಿಯ ಹೆಂಡತಿ ಮನೋರಮೆ. ಮಳೆಗಾಲದ ದಿನ ಮನೆಯಲ್ಲಿ ಕುಳಿತು ಗಂಡನಿಂದ ಕಥೆ ಕೇಳುವ ಆಕೆ ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಸಂಸ್ಕೃತದ ಭಾರವನ್ನು ಒಲ್ಲೆನೆನ್ನುತ್ತಾಳೆ. ನಡುನಡುವೆ ತಡೆದು ಪ್ರಶ್ನಿಸುತ್ತಾಳೆ, ಚೇಡಿಸುತ್ತಾಳೆ. ಹಳಗನ್ನಡದ ಉಡುಗೆಯೊಳಗೆ ಇರುವುದು ಹೊಸ ಕಾಲದ ಮನೆಮಾತಿನ ಸಲಿಗೆ. ಇಂದು ಇದನ್ನು ಓದುವವರಿಗೆ ಕವಿ ಹಿಂದಿನ ಶತಮಾನಗಳವನಲ್ಲ ಎಂಬುದು ಕೆಲವು ಪುಟಗಳಲ್ಲಿಯೇ ಹೊಳೆಯುತ್ತದೆ.

ಹಾಗಾದರೆ ಅಂಥ ವಿದ್ವಾಂಸರಿಗೆ ಅದು ಹೊಳೆಯಲಿಲ್ಲವೇಕೆ? ವೈದ್ಯನಾಗಿ ನನಗೆ ಈ ಪ್ರಶ್ನೆ ಅಪರಿಚಿತವಲ್ಲ. ರೋಗಿಯನ್ನು ಯಾವ ವಿಭಾಗದವರು ಕಳುಹಿಸಿದರೋ ಆ ವಿಭಾಗದ ರೋಗವನ್ನೇ ನಾವು ಮೊದಲು ಹುಡುಕುತ್ತೇವೆ. ಚೀಟಿಯ ಮೇಲೆ ಬರೆದುದು ನಮ್ಮ ಕಣ್ಣಿಗಿಂತ ಮುಂದೆ ಓಡುತ್ತದೆ. ‘ಹಳೆಯ ಕಾವ್ಯ’ ಎಂಬ ಚೀಟಿಯೊಂದಿಗೆ ಬಂದ ಕೃತಿಯಲ್ಲಿ ಹಳೆಯ ವ್ಯಾಕರಣ, ಹಳೆಯ ಪದಸಂಪತ್ತು ಕಂಡುವು. ಅವು ನಿಜವಾಗಿಯೂ ಅಲ್ಲಿದ್ದುವು. ಉಳಿದುದನ್ನು ಕವಿಯ ವೈಶಿಷ್ಟ್ಯವೆಂದು ಒಪ್ಪಿಕೊಳ್ಳಲಾಯಿತು. ಇದರಿಂದ ಸಂಪಾದಕರ ವಿದ್ವತ್ತಿಗೆ ಕುಂದೇನೂ ಇಲ್ಲ. ಕೃತಿಯ ಗುಣವನ್ನು ಅವರು ಸರಿಯಾಗಿಯೇ ಗುರುತಿಸಿದರು. ತಪ್ಪಿದ್ದು ಅದರ ವಯಸ್ಸು ಮಾತ್ರ.

ಮರೆ ಏಕೆ?

ಮುದ್ದಣನ ಸಂಕೋಚ, ನಗೆಗೀಡಾಗುವ ಅಂಜಿಕೆ ಎಂಬ ಕಾರಣಗಳನ್ನು ಸಾಮಾನ್ಯವಾಗಿ ಹೇಳುವುದುಂಟು. ಅವುಗಳ ಜೊತೆಗೆ ಪ್ರಕಟಣೆಯ ವ್ಯವಸ್ಥೆಯನ್ನೂ ಎಣಿಸಬೇಕೆಂದು ನನ್ನ ಅಭಿಪ್ರಾಯ. ಸ್ವಂತ ಖರ್ಚಿನಲ್ಲಿ ಕಾವ್ಯವನ್ನು ಅಚ್ಚುಹಾಕಿಸುವ ಶಕ್ತಿ ಡ್ರಿಲ್ ಮಾಸ್ತರನಿಗಿರಲಿಲ್ಲ. ಅವನ ಬಗೆಯ ಗದ್ಯವನ್ನು ಓದಬಲ್ಲ ಓದುಗರು ಒಟ್ಟಿಗೆ ಸಿಗುತ್ತಿದ್ದುದು ಹಳೆಯ ಕಾವ್ಯಗಳ ಪತ್ರಿಕೆಯಲ್ಲಿ. ಅಲ್ಲಿಗೆ ಪ್ರವೇಶ ದೊರೆಯಬೇಕಾದರೆ ಕವಿ ಎಂದೋ ಸತ್ತವನಾಗಿರಬೇಕು. ಹಳಗನ್ನಡವನ್ನು ಅಚ್ಚಿನಲ್ಲಿ ಓದಿ ಬೆಳೆದ ಮೊದಮೊದಲ ತಲೆಮಾರಿಗೆ ಸೇರಿದ ಒಬ್ಬನು, ಆ ಅಚ್ಚಿನೊಳಗೆ ಸೇರಲು ತನ್ನ ಕಾಲವನ್ನೇ ಬಿಟ್ಟುಕೊಟ್ಟನು.

ಕನ್ನಡದಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ‘ಅವನು’ ಎನ್ನುತ್ತೇವೆ. ಇತ್ತೀಚಿನ ಕವಿಗಳನ್ನು ‘ಅವರು’ ಎನ್ನುತ್ತೇವೆ. 1870ರಲ್ಲಿ ಹುಟ್ಟಿದ ಮುದ್ದಣನು ಇಂದಿಗೂ ಬಹುಮಟ್ಟಿಗೆ ‘ಅವನು’ ಎಂದೇ ಉಳಿದಿದ್ದಾನೆ. ಈ ಲೇಖನದಲ್ಲಿಯೂ ಹಾಗೆಯೇ ಬರೆದಿದ್ದೇನೆ. ಅವನಿಗಿಂತ ಎಂಟು ವರ್ಷ ಹಿರಿಯರಾದ ಸಂಪಾದಕರು ‘ಅವರು’.

ಕೊನೆಯ ಅಧ್ಯಾಯ

ರಾಮಾಶ್ವಮೇಧ ಅಚ್ಚಾಗುತ್ತಿದ್ದ ವರ್ಷಗಳಲ್ಲಿಯೇ ಮುದ್ದಣನು ಕ್ಷಯರೋಗದಿಂದ ಕುಗ್ಗಿದನು. 1901ರ ಫೆಬ್ರುವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲಬಲ್ಲ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ನಡುವಿನ ಅರುವತ್ತು ವರ್ಷಗಳಲ್ಲಿ ವೈದ್ಯನು ರೋಗದ ಹೆಸರನ್ನು ಹೇಳಬಲ್ಲವನಾಗಿದ್ದನೇ ಹೊರತು ವಾಸಿಮಾಡಬಲ್ಲವನಾಗಿರಲಿಲ್ಲ. ಕಫದಲ್ಲಿ ರೋಗಾಣು ಕಾಣಿಸುವಷ್ಟು ಬಲಿತ ಶ್ವಾಸಕೋಶದ ಕ್ಷಯಕ್ಕೆ ಚಿಕಿತ್ಸೆಯಿಲ್ಲದಿದ್ದರೆ, ಹತ್ತು ವರ್ಷಗಳೊಳಗೆ ನೂರರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಒಳ್ಳೆಯ ಗಾಳಿ ಎಂಬುದೇ ಅಂದಿನ ಉಪದೇಶ. ಸಂಬಳವನ್ನೇ ನಂಬಿದ ಬಡ ಮಾಸ್ತರನಿಗೆ ಇವುಗಳಲ್ಲಿ ಮೊದಲನೆರಡು ಔಷಧಕ್ಕಿಂತಲೂ ದುಬಾರಿ. ಇಂದು ಆರು ತಿಂಗಳ ಮಾತ್ರೆಗಳಿಂದ ವಾಸಿಯಾಗುವ ಕಾಯಿಲೆ ಇದು.

ಅವನೇ ಆ ಕಾವ್ಯಗಳ ಕರ್ತೃವೆಂಬುದು ಲೋಕಕ್ಕೆ ಖಚಿತವಾಗಿ ತಿಳಿದದ್ದು ಅವನ ಮರಣದ ನಂತರ. ತನ್ನ ಕೃತಿಗೆ ಬಂದ ಮೆಚ್ಚುಗೆಯನ್ನು ಅವನು ತನ್ನದೆಂದು ಒಮ್ಮೆಯೂ ಬಹಿರಂಗವಾಗಿ ಸ್ವೀಕರಿಸಲಿಲ್ಲ.

ಉಳಿದದ್ದು

ಕಾವ್ಯಕಲಾನಿಧಿಯಲ್ಲಿ ಮುಂದೆಯೂ ಅನೇಕ ಕಾವ್ಯಗಳು ಬಂದುವು. ಚಿಕ್ಕದೇವರಾಜ ಒಡೆಯರ ಕಾಲದ ‘ಚಿಕ್ಕದೇವರಾಜ ಬಿನ್ನಪ’ ಅವುಗಳಲ್ಲಿ ಒಂದು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿ ಹೊರಬಂದಾಗ, ಅದರಲ್ಲಿ ಹೆಸರಿಸಿದ ಕವಿಗಳಲ್ಲಿ ಕೆಲವರನ್ನಾದರೂ ಓದುಗರು ತಮ್ಮ ಮನೆಯ ಸಂಚಿಕೆಗಳಲ್ಲಿ ತೆರೆದು ನೋಡಬಹುದಾಗಿತ್ತು. ಗ್ರಂಥಭಂಡಾರದ ಬೀಗದ ಕೈ ಇಲ್ಲದವರೂ ಪ್ರಾಚೀನ ಸಾಹಿತ್ಯಕ್ಕೆ ಬಾಧ್ಯರಾದುದು ಇಂಥ ಪತ್ರಿಕೆಗಳ ಸಾಧನೆ.

ಪರದೇಶದಲ್ಲಿರುವ ನಾವು ಇಂದು ಅದೇ ಕಾರ್ಯಕ್ಕೆ ಬೇರೆ ಸಾಧನಗಳಿಂದ ನೆರವಾಗುತ್ತಿದ್ದೇವೆ. ಹಳೆಯ ಪುಸ್ತಕಗಳು ಗಣಕಕ್ಕೆ ಏರುತ್ತಿವೆ. ಅದಕ್ಕೆ ಹಣವನ್ನೂ ಸಮಯವನ್ನೂ ಕೊಡುವವರು ನಮ್ಮಲ್ಲಿದ್ದಾರೆ. ಅದು ಆಗಬೇಕಾದ ಕೆಲಸ. ಆದರೆ ಇಂದು ಬರೆಯುತ್ತಿರುವವರ ಒಂದು ಪುಸ್ತಕವನ್ನು ಬೆಲೆಕೊಟ್ಟು ಕೊಳ್ಳುವುದೂ ಆ ಕೆಲಸದ ಇನ್ನರ್ಧ. ಕಾವ್ಯಮಂಜರಿಯ ಚಂದಾದಾರರು ಮುದ್ದಣನನ್ನು ಓದಿದರು, ಮೆಚ್ಚಿದರು. ಅವನು ಉಡುಪಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಕಲಿಸುತ್ತ ಬದುಕಿದ್ದಾನೆಂಬುದು ಅವರಿಗೆ ತಿಳಿದಿರಲಿಲ್ಲ.