ಒಂದು ಊರು, ಒಂದೇ ದಾಟುಬಸ್ಸು

ಜತ್ತ ಪಟ್ಟಣದಿಂದ ಪೂರ್ವಕ್ಕೆ ಹೊರಟರೆ ವಿಜಯಪುರ, ದಕ್ಷಿಣಕ್ಕೆ ಅಥಣಿ, ಉತ್ತರಕ್ಕೆ ಸಾಂಗೋಲಾ, ಪಶ್ಚಿಮಕ್ಕೆ ಕವಠೆಮಹಾಂಕಾಳ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಸೀಮೆ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರ ನಂತರ ಸಾಂಗ್ಲಿ ಜಿಲ್ಲೆಯ ಗಡಿ ತಾಲೂಕಾಗಿ ಉಳಿಯಿತು. ಕನ್ನಡ ಮನೆಮಾತಾಗಿರುವ ಹಳ್ಳಿಗಳು ಇಲ್ಲಿ ಬಹಳ. ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಕರ್ನಾಟಕದ ಭಕ್ತರು ಗಡಿ ದಾಟಿ ಬರುತ್ತಾರೆ, ಜತ್ತದವರು ಸಂತೆ, ಆಸ್ಪತ್ರೆ, ಕಾಲೇಜು ಎಂದು ವಿಜಯಪುರದ ಕಡೆಗೆ ಹೋಗುತ್ತಾರೆ.

ಈ ನಾಲ್ಕು ರಸ್ತೆಗಳನ್ನಷ್ಟೇ ಇಟ್ಟುಕೊಂಡು, ನಡುವಿನ ಹಳ್ಳಿಗಳನ್ನು ಸದ್ಯಕ್ಕೆ ಬಿಟ್ಟು, ಒಂದು ಲೆಕ್ಕ ಹಾಕಬಹುದು. ಪ್ರತಿ ರಸ್ತೆಯಲ್ಲೂ ಬಸ್ಸು ಓಡಬೇಕು, ಆದರೆ ಒಂದೇ ರಸ್ತೆಗೆ ಎರಡು ಬಸ್ಸು ಬೇಡ. ಇನ್ನೊಂದು ನಿಯಮ: ಯಾವುದೇ ಊರನ್ನು ದಾಟಿ ಮುಂದೆ ಹೋಗುವ ಬಸ್ಸು ಒಂದೇ ಇರಬೇಕು, ಉಳಿದವು ಅಲ್ಲಿಂದಲೇ ಹೊರಡಬೇಕು ಇಲ್ಲವೇ ಅಲ್ಲಿಗೇ ಮುಗಿಯಬೇಕು. ಆಗ ಕನಿಷ್ಠ ಎಷ್ಟು ಬಸ್ಸು ಬೇಕು? ಎರಡನೆಯ ನಿಯಮ ಇಲ್ಲದಿದ್ದರೆ ಎರಡು ಸಾಕಿತ್ತು. ಅದು ಬಂದ ಮೇಲೆ ಮೂರು ಬೇಕು. ಕವಠೆಮಹಾಂಕಾಳದಿಂದ ಜತ್ತದ ಮೇಲೆ ವಿಜಯಪುರಕ್ಕೆ ಒಂದು ಹೋದರೆ ಅಥಣಿಯದೂ ಸಾಂಗೋಲಾದ್ದೂ ಜತ್ತದಲ್ಲೇ ನಿಲ್ಲುತ್ತವೆ.

ಈ ಎರಡನೆಯ ನಿಯಮ ಹುಟ್ಟಿದ್ದು ಬಸ್ಸಿಗಾಗಿ ಅಲ್ಲ. ಅದರ ಹಿಂದೆ ಕನ್ನಡ ನಾಡಿನ ಗಣಿತಜ್ಞರ ಕೆಲಸವಿದೆ.

ಬಿಂದುಗಳು, ಅವುಗಳ ನಡುವಿನ ಗೆರೆಗಳು: ಗ್ರಾಫ್ ಎಂದರೆ ಇಷ್ಟೇ. ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೇ ಸುತ್ತಿನಲ್ಲಿ, ಪ್ರತಿಯೊಂದನ್ನೂ ಒಮ್ಮೆಯಷ್ಟೇ ದಾಟಲಾಗದು ಎಂದು ತೋರಿಸಿದ. ಒಂದೇ ಸುತ್ತಿನಲ್ಲಿ ಆಗದಿದ್ದರೆ ಎಷ್ಟು ತುಂಡು ಬೇಕು ಎಂಬ ಪ್ರಶ್ನೆ ಅಲ್ಲೇ ಹುದುಗಿತ್ತು. ಹಂಗೇರಿಯ ಗಲ್ಲಾಯ್, n ಬಿಂದುಗಳ ಅಖಂಡ ಗ್ರಾಫನ್ನು ಹೆಚ್ಚೆಂದರೆ (n+1)/2 ಪಥಗಳಾಗಿ ಬಿಡಿಸಬಹುದು ಎಂದು ಊಹಿಸಿದರು. ಪಥಗಳ ಜೊತೆ, ಹೊರಟಲ್ಲಿಗೇ ಮರಳುವ ಚಕ್ರಗಳಿಗೂ ಅವಕಾಶ ಕೊಟ್ಟರೆ n/2 ಸಾಕೆಂದು ಲೊವಾಸ್ 1968ರಲ್ಲಿ ಸಾಧಿಸಿದರು. ಗಲ್ಲಾಯ್ ಊಹೆಗೆ ಪೂರ್ಣ ಸಾಧನೆ ಇನ್ನೂ ಸಿಕ್ಕಿಲ್ಲ.

ಧಾರವಾಡ ಈ ಕಥೆಗೆ ಬಂದದ್ದು ಬೇರೊಂದು ಬಾಗಿಲಿನಿಂದ. ಚದುರಂಗದ ಮಣೆಯ ಎಲ್ಲ ಮನೆಗಳ ಮೇಲೂ ಹಿಡಿತವಿರಬೇಕಾದರೆ ಎಷ್ಟು ರಾಣಿಗಳು ಬೇಕು ಎಂದು ಯೇನಿಷ್ 1862ರಲ್ಲಿ ಕೇಳಿದ್ದ. ಉತ್ತರ ಐದು. ಬೆರ್ಜ್ 1958ರಲ್ಲಿ, ಓರೆ 1962ರಲ್ಲಿ ಇದನ್ನು ಗ್ರಾಫಿನ ಭಾಷೆಗೆ ತಂದರು, ‘ಪ್ರಾಬಲ್ಯ ಸಂಖ್ಯೆ’ಯ ಅಧ್ಯಯನ ಶುರುವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ ಆ ರಾಣಿಗಳ ನಡುವೆ ಪರಸ್ಪರ ಸಂಪರ್ಕವೂ ಇರಲಿ ಎಂದರು. ‘ಸಂಪರ್ಕಿತ ಪ್ರಾಬಲ್ಯ ಸಂಖ್ಯೆ’ ಕುರಿತ ಅವರ ಪ್ರಬಂಧ 1979ರದು. ಅದೇ ವರ್ಷ ಅವರಿಬ್ಬರೂ ಬೆಳ್ಮಣ್ಣು ದೇವದಾಸ ಆಚಾರ್ಯರೂ ಸೇರಿ ಬರೆದ ಪ್ರಾಬಲ್ಯ ಸಿದ್ಧಾಂತದ ಉಪನ್ಯಾಸ ಟಿಪ್ಪಣಿಗಳನ್ನು ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆ ತನ್ನ ಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿತು. ಮುಂದೆ ನಿಸ್ತಂತು ಜಾಲಗಳು ಬಂದಾಗ, ಸಂದೇಶ ಹೊತ್ತೊಯ್ಯುವ ಬೆನ್ನೆಲುಬನ್ನು ಆರಿಸಲು ಎಂಜಿನಿಯರುಗಳು ಹಿಡಿದದ್ದು ಇದೇ ಸಂಪರ್ಕಿತ ಪ್ರಾಬಲ್ಯವನ್ನು. ಕಂಪ್ಯೂಟರ್ ಅಪರೂಪವಾಗಿದ್ದ ಕಾಲದಲ್ಲಿ, ಧಾರವಾಡದಂಥ ಊರಿನಲ್ಲಿ ಕಾಗದದ ಮೇಲೆ ನಡೆದ ಈ ಕೆಲಸವನ್ನು ನಮ್ಮ ಶಾಲಾ ಪುಸ್ತಕಗಳು ಹೆಮ್ಮೆಯಿಂದ ಹೇಳಬೇಕಿತ್ತು.

ಬಸ್ಸಿನ ನಿಯಮ ಬಂದದ್ದು 1987ರಲ್ಲಿ. ಆಚಾರ್ಯ ಮತ್ತು ಸಂಪತ್‌ಕುಮಾರ್ ಗ್ರಾಫನ್ನು ಪಥಗಳಾಗಿ ಬಿಡಿಸುವ ಹೊಸ ಬಗೆಯೊಂದನ್ನು ಮುಂದಿಟ್ಟು ‘ಗ್ರಾಫಾಯ್ಡಲ್ ಕವರ್’ ಎಂದು ಹೆಸರಿಟ್ಟರು. ಪ್ರತಿ ಗೆರೆಯೂ ಒಂದೇ ಪಥದಲ್ಲಿರಬೇಕು, ಪ್ರತಿ ಬಿಂದುವೂ ಹೆಚ್ಚೆಂದರೆ ಒಂದು ಪಥದ ಒಳಬಿಂದುವಾಗಬಹುದು. ಇಂಥ ಪಥಗಳ ಕನಿಷ್ಠ ಎಣಿಕೆ ಆ ಗ್ರಾಫಿನ ಒಂದು ಗುಣಸೂಚಕ. ಅದನ್ನು ಲೆಕ್ಕ ಹಾಕುವ ಸೂತ್ರ ಸರಳ: ಗೆರೆಗಳ ಸಂಖ್ಯೆಯಿಂದ ಬಿಂದುಗಳ ಸಂಖ್ಯೆ ಕಳೆದು, ಯಾವ ಪಥಕ್ಕೂ ಒಳಬಿಂದುವಾಗದೆ ಉಳಿಯಲೇಬೇಕಾದ ಬಿಂದುಗಳನ್ನು ಕೂಡಿಸಬೇಕು. ಜತ್ತದ ಲೆಕ್ಕದಲ್ಲಿ ಗೆರೆ ನಾಲ್ಕು, ಬಿಂದು ಐದು, ತುದಿಯಲ್ಲೇ ಉಳಿಯುವ ಊರು ನಾಲ್ಕು. ಹಾಗಾಗಿ ಮೂರು. ಸುತ್ತುದಾರಿಯಿಲ್ಲದ, ಮರದಂತೆ ಕವಲೊಡೆಯುವ ಯಾವ ಗ್ರಾಫಿಗಾದರೂ ಉತ್ತರ ತುದಿಗಳ ಸಂಖ್ಯೆಗಿಂತ ಒಂದು ಕಡಿಮೆ.

ಸುತ್ತುದಾರಿ ಬಂದಾಗಲೇ ಸ್ವಾರಸ್ಯ. ಅಥಣಿಯಿಂದ ವಿಜಯಪುರಕ್ಕೆ ನೇರ ರಸ್ತೆಯಿದೆ, ಅದನ್ನೂ ಸೇರಿಸೋಣ. ರಸ್ತೆ ಹೆಚ್ಚಿತು, ಬಸ್ಸೂ ಹೆಚ್ಚಬೇಕು ಎನ್ನಿಸುತ್ತದೆ. ಆದರೆ ಎರಡಕ್ಕೆ ಇಳಿಯುತ್ತದೆ. ಜತ್ತದಿಂದ ಹೊರಟು ಅಥಣಿ, ವಿಜಯಪುರ ಸುತ್ತಿ ಜತ್ತಕ್ಕೇ ಮರಳುವುದು ಒಂದು. ಸಾಂಗೋಲಾದಿಂದ ಜತ್ತ ದಾಟಿ ಕವಠೆಮಹಾಂಕಾಳಕ್ಕೆ ಹೋಗುವುದು ಇನ್ನೊಂದು. ಹೊರಟ ಊರಿಗೇ ಮರಳುವ ಪಥಕ್ಕೂ 1987ರ ವ್ಯಾಖ್ಯೆಯಲ್ಲಿ ಜಾಗವಿದೆ, ಅದರಿಂದಲೇ ಇದು ಸಾಧ್ಯ.

ಆ ಜಾಗವನ್ನು ಮುಚ್ಚಿದರೆ? ತಿರುನೆಲ್ವೇಲಿಯ ಎಸ್. ಅರುಮುಗಂ ಮತ್ತು ಜೆ. ಸುರೇಶ್ ಸುಶೀಲಾ 1998ರಲ್ಲಿ ಚಕ್ರಗಳಿಲ್ಲದ ಕವರುಗಳನ್ನು ಪರಿಶೀಲಿಸಿದರು. ಅವರ ನಿಯಮ ಹಿಡಿದರೆ ಇದೇ ಐದು ರಸ್ತೆಗಳಿಗೆ ಮತ್ತೆ ಮೂರು ಬಸ್ಸು ಬೇಕು. ಅಥಣಿಯನ್ನೂ ವಿಜಯಪುರವನ್ನೂ ದಾಟುಊರು ಮಾಡಬೇಕೆಂದರೆ ಆ ಪಥ ಎರಡೂ ಕಡೆ ಜತ್ತಕ್ಕೇ ತಾಗಿ ಚಕ್ರವಾಗಿಬಿಡುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟುಕೊಡದೆ ದಾರಿಯಿಲ್ಲ.

ಅತ್ತ ಕಲಬುರಗಿಯಲ್ಲಿ ವಿ. ಆರ್. ಕುಳ್ಳಿ ಮತ್ತು ಅವರ ಶಿಷ್ಯರು ಪ್ರಾಬಲ್ಯದ ಹತ್ತಾರು ಬಗೆಗಳನ್ನು ಬೆಳೆಸಿದರು. ವಾಲೀಕಾರರು ಮುಂದೆ ತಾವು ದುಡಿದ ವಿಶ್ವವಿದ್ಯಾಲಯಕ್ಕೇ ಕುಲಪತಿಯಾದರು. ಧಾರವಾಡದಿಂದ ಮೈಸೂರು ವಿಶ್ವವಿದ್ಯಾಲಯಕ್ಕೆ ಹೋದ ಸಂಪತ್‌ಕುಮಾರ್, ಗೆರೆಯೆಂದರೆ ಎರಡೇ ಬಿಂದುಗಳನ್ನು ಜೋಡಿಸುವುದು ಎಂಬ ಕಟ್ಟನ್ನೇ ಸಡಿಲಿಸಿದರು. ಅವರ ‘ಸೆಮಿಗ್ರಾಫ್’ನಲ್ಲಿ ಒಂದೇ ಗೆರೆಯ ಮೇಲೆ ಹಲವು ಬಿಂದುಗಳು ಕ್ರಮವಾಗಿ ಕೂರುತ್ತವೆ. ತುದಿಯದು ಯಾವುದು, ನಡುವಿನದು ಯಾವುದು ಎಂಬ ಭೇದ ಅಲ್ಲಿ ಗೆರೆಯೊಳಗೇ ಸೇರಿಕೊಂಡಿದೆ. 2000ದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಅವರು ಕೊಟ್ಟ ಯೋಜನಾ ವರದಿ ಈ ವಿಷಯದ್ದೇ.