ಅಗಸಿಯ ಒಳಗೆ, ಅಗಸಿಯ ಹೊರಗೆ

ಸತ್ಯವೇದದಲ್ಲಿ ಬೀದಿಗಳಿಗೆ ವಿಶೇಷ ಸ್ಥಾನವಿದೆ. ದಮಸ್ಕದ ನೆಟ್ಟನೇ ಬೀದಿಯ ಮನೆಯೊಂದರಲ್ಲಿ ಕಣ್ಣು ಕಾಣದೆ ಕುಳಿತಿದ್ದ ಸೌಲನನ್ನು ಅನನೀಯನು ಹುಡುಕಿಕೊಂಡು ಹೋದನು. ಕೋಲೂರಿದ ವೃದ್ಧರು ಕುಳಿತಿರುವ, ಮಕ್ಕಳು ಆಡಿಕೊಂಡಿರುವ ಬೀದಿಗಳನ್ನು ದೇವರು ಮರಳಿ ಒಲಿದ ಪಟ್ಟಣದ ಲಕ್ಷಣವೆಂದು ಜೆಕರ್ಯ ಪ್ರವಾದಿಯು ಕಂಡನು. ಹೀಗಿದ್ದರೂ ನಾವು ದಿನವೂ ನಡೆದಾಡುವ ನಮ್ಮ ಊರಿನ ಬೀದಿಯನ್ನು ನಿಂತು ನೋಡುವುದು ಅಪರೂಪ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡಗಳ ಹಳೆಯ ಓಣಿಗಳಲ್ಲಿ ಅಂಥ ನೋಟಕ್ಕೆ ಯೋಗ್ಯವಾದುದು ಬಹಳಷ್ಟಿದೆ. ಅವು ವೇಗವಾಗಿ ಮರೆಯಾಗುತ್ತಿರುವ ಈ ಕಾಲದಲ್ಲಿ ಅವುಗಳ ಚರಿತ್ರೆಯನ್ನೂ ಕಟ್ಟಡದ ರೀತಿಯನ್ನೂ, ಅವು ನಮ್ಮ ವಿಶ್ವಾಸಕ್ಕೆ ಕೇಳುವ ಪ್ರಶ್ನೆಯನ್ನೂ ಅವಲೋಕಿಸುವುದು ಈ ಲೇಖನದ ಉದ್ದೇಶ.

ಊರಿನ ಅಂಗರಚನೆ

ಈ ಮೂರೂ ಊರುಗಳು ಎರೆಭೂಮಿಯ ನಾಡಿಗೆ ಸೇರಿದವು. ನರಗುಂದವು ತನ್ನ ಹೆಸರಿನ ಗುಡ್ಡದ ಬುಡದಲ್ಲಿ ಬೆಳೆದಿದೆ. ಗಜೇಂದ್ರಗಡದ ಬೆನ್ನಿಗೆ ಘೋರ್ಪಡೆ ಮನೆತನದ ಕೋಟೆಯನ್ನು ಹೊತ್ತ ಬೆಟ್ಟಸಾಲಿದೆ. ರೋಣದ ನಡುವೆ ಸಾವಿರ ವರ್ಷದಷ್ಟು ಹಳೆಯದಾದ ಕರಿಗಲ್ಲಿನ ಗುಡಿಗಳಿವೆ. ನೆಲೆ ಬೇರೆಯಾದರೂ ಹಳೆಯ ಊರಿನ ಅಂಗರಚನೆಯಲ್ಲಿ ಹೋಲಿಕೆಯಿದೆ. ಊರಿಗೆ ಕಲ್ಲಿನ ಅಗಸಿ, ಅಗಸಿಯಿಂದ ಒಳಗೆ ಪೇಟೆಯತ್ತ ಸಾಗುವ ದೊಡ್ಡ ಬೀದಿ, ಅದರಿಂದ ಎಡಬಲಕ್ಕೆ ಕವಲೊಡೆಯುವ ಇಕ್ಕಟ್ಟಾದ ಓಣಿಗಳು, ಒಡೆಯರ ವಾಡೆ, ಗುಡಿ, ಮಠ, ಮಸೀದಿಗಳು. ಓಣಿಗಳು ನೇರವಾಗಿಲ್ಲ, ಬಾಗುತ್ತ ಹೋಗುತ್ತವೆ. ದಂಡು ದಾಳಿಗಳ ಕಾಲದಲ್ಲಿ ಕುದುರೆ ಸವಾರನು ಒಮ್ಮೆಲೆ ನುಗ್ಗಲಾಗದ ದಾರಿ ಊರಿಗೆ ರಕ್ಷಣೆಯಾಗಿತ್ತು. ಬಿರುಬೇಸಿಗೆಯಲ್ಲಿ ಒಂದು ಗೋಡೆಯ ನೆರಳು ಎದುರಿನ ಹೊಸ್ತಿಲಿಗೆ ಆಸರೆಯಾಗಿತ್ತು.

ಬೀದಿಯ ಜನ ಒಂದು ಘಟಕವಾಗಿ ಬಾಳುವುದೂ ಇಲ್ಲಿ ಬಹು ಹಿಂದಿನ ಸಂಗತಿ. ಗಜೇಂದ್ರಗಡದ ಸಮೀಪದ ಸೂಡಿಯು 11ನೇ ಶತಮಾನದಲ್ಲಿ ಚಾಲುಕ್ಯ ರಾಜಮನೆತನದ ಅಕ್ಕಾದೇವಿಯ ಆಡಳಿತ ಕೇಂದ್ರವಾಗಿತ್ತು. ಅಲ್ಲಿನ ಶಾಸನವೊಂದು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಹಕ್ಕುಬಾಧ್ಯತೆಗಳನ್ನು ಮರಳಿ ಖಚಿತಪಡಿಸುತ್ತದೆ. ನೆರೆಹೊರೆಯ ಮನೆಗಳು ಕೂಡಿ ಪಡೆದ ಮಾತು ಕಲ್ಲಿನ ಮೇಲೆ ಉಳಿದಿದೆ.

ಮೇಲ್ಮುದ್ದೆ ಮನೆ

ಈ ಓಣಿಗಳ ನಿಜವಾದ ವೈಭವ ಅವುಗಳ ಸಾಮಾನ್ಯ ಮನೆಗಳಲ್ಲಿದೆ. ಕಲ್ಲುಮಣ್ಣಿನಿಂದ ಕಟ್ಟಿದ ಗೋಡೆ ಎರಡು ಮೂರು ಅಡಿ ದಪ್ಪ. ಬಾಗಿಲ ಎರಡೂ ಬದಿಗೆ ಕಟ್ಟೆ. ಒಳಗೆ ಕಾಲಿಟ್ಟರೆ ಮೊದಲು ದನಗಳನ್ನು ಕಟ್ಟುವ ತಗ್ಗಿನ ಜಾಗ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಆಚೆಗೆ ನಡುಮನೆ, ಅಡುಗೆಮನೆ. ಒಕ್ಕಲಿಗನ ಎತ್ತು ಒಕ್ಕಲಿಗನೊಂದಿಗೆ ಒಂದೇ ಸೂರಿನಡಿ ಮಲಗುತ್ತಿತ್ತು. ಗೋದಲಿಯಲ್ಲಿ ಮಗುವನ್ನು ಮಲಗಿಸಿದ ಬೇತ್ಲೆಹೇಮಿನ ಸುದ್ದಿಯನ್ನು ಅರಿಯಲು ಇಂಥ ಮನೆಯಲ್ಲಿ ಬೆಳೆದವರಿಗೆ ಯಾರ ವಿವರಣೆಯೂ ಬೇಕಾಗಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ಹಗೇವು. ಅದನ್ನು ತೆಗೆಯುವುದು ಒಬ್ಬರ ಕೆಲಸವಲ್ಲ. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೊರಹೋಗುವ ತನಕ ಕಾದು, ಆಮೇಲೆ ಒಬ್ಬನು ಇಳಿಯುವನು. ಮೇಲಿನವರ ಕೈಯಲ್ಲಿ ಅವನ ಜೀವ.

ಮನೆಯ ಮೇಲ್ಛಾವಣಿ ಮಣ್ಣಿನ ಮಾಳಿಗೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಹುಳು ಹಿಡಿಯದಂತೆ ಬೇವಿನ ತಪ್ಪಲು, ಅದರ ಮೇಲೆ ದಪ್ಪನಾಗಿ ಬಡಿದು ಕೂಡಿಸಿದ ಮಣ್ಣು. ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಬಿರುಕು ಬಿಡುವುದರಿಂದ ಮಾಳಿಗೆಗೆ ಸಲ್ಲದು. ಆದಕಾರಣ ಮೇಲೆ ಹರಡಲು ಸವಳಿನ ಕರಲು ಮಣ್ಣನ್ನು ಹುಡುಕಿ ತರುತ್ತಿದ್ದರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಗೆ ಇಂಥ ಮಾಳಿಗೆಯೇ ತಕ್ಕದ್ದು. ಪ್ರತಿ ವರ್ಷ ಮುಂಗಾರಿಗೆ ಮೊದಲು ಅದಕ್ಕೆ ಹೊಸ ಮಣ್ಣು ಹಾಕಬೇಕು. ಮಳೆ ಬಿದ್ದ ಮೇಲೆ ಅಲ್ಲಿ ಹುಲ್ಲು ಚಿಗುರುತ್ತದೆ, ಬಿಸಿಲೇರಿದೊಡನೆ ಬಾಡುತ್ತದೆ. ಬೆಳೆಯುವ ಮುನ್ನವೇ ಒಣಗಿಹೋಗುವ ಮಾಳಿಗೆಯ ಹುಲ್ಲನ್ನು ಕೀರ್ತನೆಗಾರನು ಹೋಲಿಕೆಗೆ ಆರಿಸಿಕೊಂಡಾಗ ಅವನ ಕಣ್ಣೆದುರಿಗೆ ಇದ್ದುದು ಇಂಥದೇ ಮನೆ.

ಈ ಮಾಳಿಗೆಯ ನಡುವೆ ಬೆಳಕಿಗಾಗಿಯೂ ಹೊಗೆ ಹೋಗುವುದಕ್ಕಾಗಿಯೂ ಬೆಳಕಿಂಡಿ ಇರುತ್ತದೆ. ಕಪೆರ್ನೌಮಿನಲ್ಲಿ ನಾಲ್ವರು ಸ್ನೇಹಿತರು ಪಾರ್ಶ್ವವಾಯು ರೋಗಿಯನ್ನು ಛಾವಣಿಯಿಂದ ಯೇಸುವಿನ ಮುಂದೆ ಇಳಿಸಿದ ಸಂಗತಿ ನಮಗೆಲ್ಲ ತಿಳಿದದ್ದೇ. ಲೂಕನು ಹಂಚು ತೆಗೆದರೆಂದು ಬರೆಯುತ್ತಾನೆ. ಮಾರ್ಕನು ಛಾವಣಿಯನ್ನು ಅಗೆದು ಕಿಂಡಿ ಮಾಡಿದರೆಂಬ ಅರ್ಥದ ಮಾತನ್ನು ಬಳಸುತ್ತಾನೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ನಮ್ಮ ಸಹೋದರರಿಗೆ ಲೂಕನ ಮನೆ ಪರಿಚಿತವಾಯಿತು ಎನ್ನಬಹುದು. ನರಗುಂದ, ರೋಣದ ಕಡೆಯವರಿಗೆ ಮಾರ್ಕನ ಮನೆಯೇ ತಮ್ಮ ಮನೆ. ಅಗೆದ ಮಾಳಿಗೆಯನ್ನು ಸರಿಪಡಿಸಲು ಎಷ್ಟು ಬುಟ್ಟಿ ಮಣ್ಣು ಹೊರಬೇಕೆಂದು ಬಲ್ಲವರಿಗೆ ಆ ನಾಲ್ವರ ಪ್ರೀತಿಯ ಬೆಲೆಯೂ, ಸುಮ್ಮನಿದ್ದ ಮನೆಯೊಡೆಯನ ತಾಳ್ಮೆಯೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ.

ಇನ್ನೊಂದು ಮಾತು. ಈ ಮನೆಗಳು ಬಿಡಿಬಿಡಿಯಾಗಿ ನಿಂತವಲ್ಲ. ಇಬ್ಬರ ನಡುವೆ ಒಂದೇ ಗೋಡೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಬಹುದು. ಹಪ್ಪಳ, ಶ್ಯಾವಿಗೆ ಒಣಗುವುದೂ ಬೇಸಿಗೆಯ ರಾತ್ರಿ ಮಕ್ಕಳು ಮಲಗುವುದೂ ಅಲ್ಲೇ. ನೆರೆಯವನು ತನ್ನ ಮಾಳಿಗೆಗೆ ಮಣ್ಣು ಹಾಕದಿದ್ದರೆ ನಡುಗೋಡೆ ನೆನೆದು ತನ್ನ ಮನೆಯೂ ಸೋರುವುದು. ಮಾಳಿಗೆಯಿಂದ ಯಾರೂ ಬೀಳದಂತೆ ಸುತ್ತಲೂ ಗಿಡ್ಡ ಗೋಡೆ ಕಟ್ಟಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿದ್ದೂ ಇದೇ ಅರಿವಿನಿಂದ: ಮನೆ ನನ್ನದಾದರೂ ಅದರ ಹೊಣೆ ನನ್ನಲ್ಲಿಗೇ ಮುಗಿಯುವುದಿಲ್ಲ.

ಬೀದಿಯಲ್ಲಿ ನಡೆದ ಚರಿತ್ರೆ

ಇಂಥ ಶಾಂತವಾದ ಓಣಿಗಳ ಮೇಲೆ ದೊಡ್ಡ ಚರಿತ್ರೆ ಹಲವು ಸಲ ಹಾದುಹೋಗಿದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಭಾವೆ ಮನೆತನದ ಕೈಯಲ್ಲಿದ್ದ ನರಗುಂದವನ್ನು ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಒಪ್ಪಂದವಾದಾಗ ನರಗುಂದವು ಮರಾಠರಿಗೆ ಹಿಂದಿರುಗಿತು. ಆ ಒಪ್ಪಂದವು ಚರಿತ್ರೆಯಲ್ಲಿ ಗಜೇಂದ್ರಗಡದ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ನರಗುಂದದ ಕೊನೆಯ ಅರಸ ಬಾಬಾಸಾಹೇಬ ಭಾಸ್ಕರರಾವ ಭಾವೆ ವಿದ್ಯಾಪ್ರಿಯ. ಸಾವಿರಾರು ಗ್ರಂಥಗಳನ್ನು ಸಂಗ್ರಹಿಸಿದ್ದನು. ಅವನಿಗೆ ಗಂಡು ಸಂತಾನವಿರಲಿಲ್ಲ. ದತ್ತು ಸ್ವೀಕಾರಕ್ಕೆ ಬ್ರಿಟಿಷರು ಅನುಮತಿ ನಿರಾಕರಿಸಿದರು. ಮೇಲೆ ಆಯುಧಗಳನ್ನು ಒಪ್ಪಿಸುವ ಆಜ್ಞೆ ಬಂತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದನು. ಅವನ ತಲೆಯನ್ನು ನರಗುಂದಕ್ಕೆ ತಂದು ಊರಿನ ಅಗಸಿಗೆ ತೂಗಹಾಕಿದರು. ಜೂನ್ ಮೊದಲ ವಾರದಲ್ಲಿ ಬ್ರಿಟಿಷ್ ಪಡೆ ಊರನ್ನು ಹಿಡಿಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಹದಿನೈದು ದಿನಗಳೊಳಗೆ ಒಂದು ಮನೆತನವೇ ಮುಗಿದುಹೋಯಿತು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ಅರಸನನ್ನು ನಾಡು ಗೌರವದಿಂದ ನೆನೆಯುತ್ತದೆ. ಅಗಸಿಯ ಮೇಲಿನ ತಲೆಯೂ ಬೆಳಗಾವಿಯ ನೇಣುಗಂಬವೂ ಮನುಷ್ಯನು ಮನುಷ್ಯನಿಗೆ ಮಾಡಿದ್ದೇ ಎಂಬ ವೇದನೆಯೂ ಆ ನೆನಪಿನೊಡನೆ ಇರಬೇಕಾದದ್ದು.

ಮುಂದೆ 1980ರ ಜುಲೈ 21ರಂದು ಇದೇ ನರಗುಂದದ ಬೀದಿಗಳು ಮತ್ತೊಮ್ಮೆ ತುಂಬಿದವು. ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿದ ರೈತರ ಚಳವಳಿಯ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಕರ್ನಾಟಕದ ರೈತ ಚಳವಳಿಗೆ ಅಲ್ಲಿಂದ ಹೊಸ ಬಲ ಬಂತು. ಅರಸರ ಕಾಲದಲ್ಲಿ ಬೀದಿಯ ಬದಿಗೆ ನಿಂತು ನೋಡುತ್ತಿದ್ದವರು ಅಂದು ಬೀದಿಯ ನಡುವೆ ಬಂದು ನಿಂತಿದ್ದರು.

ಅಗಸಿಯ ಹೊರಗೆ

ಹಳೆಯ ಬೀದಿಯನ್ನು ಹೊಗಳುವಾಗ ನಾವು ಪ್ರಾಮಾಣಿಕರಾಗಿರಬೇಕು. ಅಗಸಿಯು ಶತ್ರುಗಳಿಂದ ಊರನ್ನು ಕಾಯುತ್ತಿತ್ತು ನಿಜ; ಊರಿನವರೇ ಆದ ಕೆಲವರನ್ನು ಅದೇ ಅಗಸಿ ಹೊರಗಿಟ್ಟಿತ್ತು. ಹೊಲೆಯರ ಕೇರಿ, ಮಾದಿಗರ ಕೇರಿ ಊರಿನ ಹೊರಗೆ. ಬಾವಿಯಿಂದ ನೀರೆತ್ತುವ ತೊಗಲ ಚೀಲ, ಎತ್ತಿನ ಮಿಣಿ, ಕಾಲಿನ ಕೆರ ಇವೆಲ್ಲ ಅಗಸಿಯನ್ನು ದಾಟಿ ಒಳಗೆ ಬರಬಹುದಾಗಿತ್ತು. ಅವನ್ನು ಮಾಡಿದ ಕೈಗಳು ಪಡಸಾಲೆಯವರೆಗೆ ಬರುವಂತಿರಲಿಲ್ಲ. ನಾವು ಅಕ್ಕರೆಯಿಂದ ನೆನೆಯುವ ಆ ಕಟ್ಟೆಯ ಮೇಲೆ ಎಲ್ಲರಿಗೂ ಕೂರಲು ಸ್ಥಳವಿರಲಿಲ್ಲ.

ಇಲ್ಲಿ ಪೇತ್ರನ ನೆನಪಾಗುತ್ತದೆ. ಯೊಪ್ಪ ಪಟ್ಟಣದಲ್ಲಿ ಅವನು ಇಳಿದುಕೊಂಡದ್ದು ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಯೆಹೂದ್ಯರು ಹೊಲೆಯೆಂದೆಣಿಸಿ ದೂರವಿಡುತ್ತಿದ್ದ ಕಸುಬು ಅದು. ಆ ಮನೆಯ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದಾಗಲೇ ಪೇತ್ರನಿಗೆ ದರ್ಶನವಾಯಿತು. ಯಾವ ಮನುಷ್ಯನನ್ನೂ ಅಶುದ್ಧನೆಂದು ಕರೆಯಬಾರದೆಂಬ ಪಾಠವನ್ನು ಅವನು ಅಲ್ಲಿಂದ ಪಡೆದನು. ಇಬ್ರಿಯರಿಗೆ ಬರೆದ ಪತ್ರಿಕೆಯಂತೂ ಯೇಸು ಶ್ರಮೆಪಟ್ಟು ಸತ್ತದ್ದು ಪಟ್ಟಣದ ಬಾಗಿಲಿನ ಹೊರಗೆ ಎಂದು ನೆನಪಿಸಿ, ಅಲ್ಲಿಗೆ ಆತನ ಬಳಿ ಹೋಗೋಣವೆಂದು ನಮ್ಮನ್ನು ಕರೆಯುತ್ತದೆ. ನಮ್ಮ ಕರ್ತನ ವಿಳಾಸ ಅಗಸಿಯ ಹೊರಗಿನದು.

ನೇಕಾರರ ಓಣಿ ಮತ್ತು ಮಿಶನ್ ಕಂಪೌಂಡು

ಗಜೇಂದ್ರಗಡದ ಬೀದಿಗಳಲ್ಲಿ ನೇಕಾರರ ಮನೆಗಳಿಗೆ ತಮ್ಮದೇ ರಚನೆಯಿದೆ. ಪಡಸಾಲೆಯ ನೆಲದಲ್ಲಿ ತಗ್ಗು ತೆಗೆದು ಕುಣಿಮಗ್ಗ ಹೂಡುತ್ತಿದ್ದರು. ನೇಯುವವನು ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತರೆ ನೂಲು ನೆಲಮಟ್ಟದ ತಂಪಿನಲ್ಲಿ ಬೇಗ ಹರಿಯುವುದಿಲ್ಲ. ಪಟ್ಟೇದಂಚು ಸೀರೆಗೆ ಈ ಊರು ಹೆಸರಾದದ್ದು ಇಂಥ ಮನೆಗಳಿಂದಲೇ.

ಈ ಪ್ರಾಂತದ ಸುವಾರ್ತಾ ಸೇವೆಯೂ ಇಂಥ ಓಣಿಗಳೊಡನೆ ಬೆಸೆದುಕೊಂಡಿದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಕೊನೆಯ ಎರಡೂ ಮಗ್ಗದ ಊರುಗಳು. ಕ್ರಿಸ್ತನನ್ನು ಒಪ್ಪಿಕೊಂಡವರಿಗೆ ಅನೇಕ ಸಲ ಸ್ವಂತ ಓಣಿಯೇ ಮುಚ್ಚಿತು. ಜಾತಿಯಿಂದ ಹೊರಬಿದ್ದವನಿಗೆ ಮನೆಯೂ ಇಲ್ಲ, ಕಸುಬೂ ಇಲ್ಲ. ಮಿಶನ್ನು ನೇಯ್ಗೆಯನ್ನೂ ಹಂಚಿನ ಕಾರ್ಖಾನೆಗಳನ್ನೂ ಕೈಗೊಂಡ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಹೀಗೆ ದೇವಾಲಯ, ಶಾಲೆ, ಸಾಲುಮನೆಗಳಿದ್ದ ಮಿಶನ್ ಕಂಪೌಂಡು ಹುಟ್ಟಿತು. ನೆಲೆ ತಪ್ಪಿದವರಿಗೆ ಅದು ನಿಜವಾಗಿ ಆಶ್ರಯದ ಊರಾಯಿತು.

ಆದರೆ ಕಂಪೌಂಡಿಗೂ ಗೋಡೆಯಿದೆ, ಗೇಟಿದೆ. ಹಿರಿಯರಿಗೆ ಆಶ್ರಯವಾಗಿದ್ದ ಗೋಡೆ ಮೊಮ್ಮಕ್ಕಳಿಗೆ ಬೇಲಿಯಾಗಬಹುದು. ನಮ್ಮ ಸಭೆಯ ಎಷ್ಟು ಮನೆಗಳಿಗೆ ಆಚೆಯ ಓಣಿಯ ಸುಖದುಃಖ ತಿಳಿದಿದೆ? ಭಾನುವಾರದ ಆರಾಧನೆಗೆ ಹೊಸದಾಗಿ ಬಂದವರು ಯಾವ ಸಾಲಿನಲ್ಲಿ ಕುಳಿತುಕೊಳ್ಳಲು ಧೈರ್ಯ ಮಾಡುತ್ತಾರೆ? ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನೆಂದು ಪೌಲನು ಎಫೆಸದವರಿಗೆ ಬರೆದನು. ನಮ್ಮೊಳಗೆ ಇನ್ನೂ ನಿಂತಿರುವ ಅಡ್ಡಗೋಡೆಗಳು ಯಾರು ಕಟ್ಟಿದವು ಎಂದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾಗಿದೆ.

ಉಳಿಸಬೇಕಾದದ್ದು

ಇಂದು ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿಯುತ್ತಿವೆ. ಕರಲು ಮಣ್ಣು ಹಾಕಬಲ್ಲ ಕೈಗಳು ಕಡಿಮೆಯಾದವು. ಮಳೆಗಾಲದಲ್ಲಿ ಕುಸಿಯುವ ಗೋಡೆಯಡಿ ಮಲಗುವ ಭಯ ಬಡವರಿಗೆ ನಿಜವಾದದ್ದು. ಸಿಮೆಂಟಿನ ಮನೆ ಕಟ್ಟಿಕೊಂಡವರನ್ನು ದೂಷಿಸುವುದು ತರವಲ್ಲ. ಆದರೆ ಕೆಡವುವ ಮುನ್ನ ಮಾಡಬಹುದಾದ ಕೆಲಸವಿದೆ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಕಾಲದ ಅನೇಕರು ತಂತಮ್ಮ ಮನೆಯ ಎದುರಿನ ಭಾಗವನ್ನು ತಾವೇ ಜೀರ್ಣೋದ್ಧಾರ ಮಾಡಿದರು. ಅದೇ ರೀತಿಯಲ್ಲಿ ನಮ್ಮ ಯುವಜನ ಸಂಘಗಳೂ ಭಾನುವಾರದ ಶಾಲೆಯ ಮಕ್ಕಳೂ ತಮ್ಮ ಮನೆಯೆದುರಿನ ಓಣಿಯಿಂದ ಆರಂಭಿಸಬಹುದು. ಹಳೆಯ ಮನೆಯ ಚಿತ್ರ ಬರೆಯಲಿ, ಬಾಗಿಲು ಕಂಬಗಳ ಅಳತೆ ತೆಗೆಯಲಿ, ಜಂತಿ, ತೊಲೆ, ಹಗೇವು, ಬೆಳಕಿಂಡಿ ಎಂಬ ಮಾತುಗಳನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆದಿಡಲಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಈ ಓಣಿಯಲ್ಲಿ ಯಾರಿಗೆ ಯಾವ ಬಾಗಿಲಿನ ಆಚೆ ಹೋಗುವ ಹಾಗಿರಲಿಲ್ಲ? ಆ ಉತ್ತರವನ್ನೂ ಅದೇ ಪುಸ್ತಕದಲ್ಲಿ ಬರೆದಿಡಲಿ. ಹೊಸ ಮನೆ ಕಟ್ಟುವವರು ಬಾಗಿಲ ಬದಿಗೆ ದಾರಿಹೋಕನೊಬ್ಬನು ಕುಳಿತು ಸುಧಾರಿಸಿಕೊಳ್ಳುವಷ್ಟು ಕಟ್ಟೆಯನ್ನು ಉಳಿಸಿಕೊಂಡರೆ, ಹಿಂದಿನವರು ಯಾರನ್ನು ಅಲ್ಲಿ ಕೂರಿಸಲಿಲ್ಲವೋ ಅವರನ್ನು ಕರೆದು ಕೂರಿಸಬಹುದು.