ಘಟ್ಟದ ರಸ್ತೆಯಲ್ಲಿ ಅಮೆರಿಕದ ಗಾಡಿಗಳು: ಕಾರವಾರ–ಅಂಕೋಲೆಯ ಹಳೆಯ ಮೋಟಾರುಗಳ ಇತಿಹಾಸ ಮತ್ತು ಬೆಲೆ

ಉತ್ತರ ಕನ್ನಡದ ಕರಾವಳಿಗೆ ಅಮೆರಿಕದ ಮೋಟಾರು ಗಾಡಿಗಳು ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ, ಮುಂದೆ ಅವು ಓಡಲಿದ್ದ ರಸ್ತೆಗೆ ಅಮೆರಿಕವೇ ಪರೋಕ್ಷವಾಗಿ ಕಾರಣವಾಗಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ಲಂಕಾಷೈರಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದನ್ನು ಸಮುದ್ರಕ್ಕೆ ಇಳಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಈ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು ಮತ್ತು ಅರಬೈಲ್ ಘಟ್ಟದ ಮೂಲಕ ಅಂಕೋಲೆಯ ಕಡೆಗೆ ಇಳಿಯುವ ಗಾಡಿ ರಸ್ತೆ ಸಿದ್ಧವಾಯಿತು. ಆದರೆ 1880ರ ದಶಕದಲ್ಲಿ ಪೋರ್ಚುಗೀಸರ ಗೋವೆಯ ಮುರಗಾಂವ ಬಂದರಿಗೆ ರೈಲು ಹೋಗಿ ಹತ್ತಿಯೂ ಅತ್ತ ತಿರುಗಿತು. ಕರಾವಳಿಯ ತಾಲೂಕುಗಳು 1990ರ ದಶಕದಲ್ಲಿ ಕೊಂಕಣ ರೈಲ್ವೆ ಬರುವವರೆಗೂ ರೈಲಿಲ್ಲದೆಯೇ ಉಳಿದವು. ಹೀಗಾಗಿ ಎತ್ತಿನ ಗಾಡಿಯ ಅನಂತರ ಇಲ್ಲಿನ ಸರಕು ಮತ್ತು ಜನರ ಭಾರವೆಲ್ಲ ನೇರವಾಗಿ ಮೋಟಾರಿನ ಮೇಲೆಯೇ ಬಿತ್ತು.

ಆ ಮೋಟಾರುಗಳ ಮೂಲ ಮುಂಬಯಿ. ಜನರಲ್ ಮೋಟಾರ್ಸ್ 1928ರಲ್ಲಿ ಶಿವಡಿಯಲ್ಲಿ ಜೋಡಣಾ ಕಾರ್ಖಾನೆಯನ್ನು ತೆರೆಯಿತು, 1926ರಲ್ಲಿ ಭಾರತದಲ್ಲಿ ಕಂಪನಿ ಸ್ಥಾಪಿಸಿದ್ದ ಫೋರ್ಡ್ ಕೂಡ ಇಲ್ಲಿ ಗಾಡಿಗಳನ್ನು ಜೋಡಿಸಿತು. ಜೋಡಣೆಯೆಂದರೆ ಹೊರದೇಶದಿಂದ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದ ಗಾಡಿಯನ್ನು ಇಲ್ಲಿ ಕೂಡಿಸುವುದು. ಹಳೆಯ ಗಾಡಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದು ಇಲ್ಲಿದೆ. ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆಗೆ ಬೇಕಾದ ಬಲಬದಿ ಸ್ಟೇರಿಂಗಿನ ಫೋರ್ಡ್ ಮತ್ತು ಶೆವರ್ಲೆಗಳು ಬಹುಮಟ್ಟಿಗೆ ಕೆನಡಾದ ಕಾರ್ಖಾನೆಗಳಿಂದ ಹೊರಟವು. ಭಾರತದ ಫೋರ್ಡ್ ಕಂಪನಿಯೇ ಕೆನಡಾದ ಫೋರ್ಡಿನ ಅಂಗಸಂಸ್ಥೆಯಾಗಿತ್ತು. ಆದ್ದರಿಂದ 1928–31ರ ‘ಎ’ ಮಾದರಿಯ ಫೋರ್ಡೊಂದರ ಎಂಜಿನ್ ಸಂಖ್ಯೆ ‘ಎ’ ಅಕ್ಷರಕ್ಕೆ ಬದಲಾಗಿ ‘ಸಿಎ’ ಅಕ್ಷರಗಳಿಂದ ಆರಂಭವಾದರೆ ಅದನ್ನು ನಕಲಿಯೆಂದು ತಳ್ಳಿಹಾಕುವಂತಿಲ್ಲ, ಈ ಕರಾವಳಿಗೆ ಅದೇ ಸಹಜವಾದ ವಂಶಾವಳಿ.

ಬಸ್ಸು ಮತ್ತು ಲಾರಿಗಳಲ್ಲಿ ಕಂಪನಿಯಿಂದ ಬರುತ್ತಿದ್ದುದು ಬಹುತೇಕ ಚಾಸಿ ಮಾತ್ರ, ಅಂದರೆ ಎಂಜಿನ್, ಗಾಲಿ, ಗೇರುಪೆಟ್ಟಿಗೆಗಳನ್ನು ಹೊತ್ತ ಉಕ್ಕಿನ ಅಡಿಪಂಜರ. ಅದರ ಮೇಲೆ ಬಾಡಿ ಕಟ್ಟುವುದು ಬಡಗಿಗಳ ಮತ್ತು ಕಮ್ಮಾರರ ಕೆಲಸವಾಗಿತ್ತು. ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯನ್ನು ದಾಟಲು ಸೇತುವೆ ಸಿದ್ಧವಾದದ್ದು 1980ರ ದಶಕದಲ್ಲಿ. ಅದಕ್ಕೆ ಮೊದಲು ಇಂಥ ಹೊಳೆಗಳ ದಂಡೆಯಲ್ಲಿ ಗಾಡಿಗಳು ಜಂಗಲ್ಲಿಗೆ, ಎಂದರೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ತೇಲುಕಟ್ಟೆಗೆ, ಕಾಯಬೇಕಾಗಿತ್ತು. ಉಪ್ಪುನೀರಿನ ಆ ಸಹವಾಸ ಚಾಸಿಗೆ ಒಳ್ಳೆಯದಾಗಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಜೀಪುಗಳು ಮತ್ತು ಕೆನಡಾದಲ್ಲಿ ತಯಾರಾದ ಫೋರ್ಡ್, ಶೆವರ್ಲೆ ಲಾರಿಗಳು ಹರಾಜಿಗೆ ಬಂದವು. ಜನ ಅವುಗಳನ್ನು ‘ಡಿಸ್ಪೋಸಲ್ ಗಾಡಿ’ ಎಂದೇ ಕರೆದರು. 1947ರಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆ ಕ್ರೈಸ್ಲರ್ ಕಂಪನಿಯ ಒಪ್ಪಂದದಲ್ಲಿ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಹೊರತಂದಿತು. 1948ರಲ್ಲಿ ಆರಂಭವಾದ ಮುಂಬಯಿ ರಾಜ್ಯದ ಸರಕಾರಿ ಸಾರಿಗೆಯ ಮೊದಲ ಬಸ್ಸುಗಳಲ್ಲಿಯೂ ಶೆವರ್ಲೆ, ಫೋರ್ಡ್, ಸ್ಟುಡಿಬೇಕರ್‌ಗಳಿದ್ದವು. ಈ ಏರುಗತಿ ಥಟ್ಟನೆ ನಿಂತದ್ದು 1953ರ ಸುಂಕ ಆಯೋಗದ ವರದಿಯಿಂದ: ದೇಶದೊಳಗೆ ಬಿಡಿಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದ ಜೋಡಣಾ ಕಂಪನಿಗಳು ಕೆಲಸ ಮುಚ್ಚಬೇಕೆಂದು ಅದು ಶಿಫಾರಸು ಮಾಡಿದ ಮೇಲೆ 1954ರಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಇಲ್ಲಿಂದ ಹಿಂದೆ ಸರಿದವು.

ಅಲ್ಲಿಂದ ಮುಂದಿನದು ಬದಲಾವಣೆಯ ಇತಿಹಾಸ. ಬಿಡಿಭಾಗ ಸಿಗದ, ಪೆಟ್ರೋಲು ದುಬಾರಿಯಾದ ಕಾಲದಲ್ಲಿ ಅಮೆರಿಕದ ಆರು ಸಿಲಿಂಡರಿನ ಎಂಜಿನ್ ತೆಗೆದು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸುವುದು, ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು ಹನ್ನೆರಡಕ್ಕೆ ಏರಿಸುವುದು, ಜೀಪಿಗೆ ಮಹೀಂದ್ರದ ಭಾಗಗಳನ್ನು ತೊಡಿಸುವುದು ಗ್ಯಾರೇಜುಗಳ ನಿತ್ಯದ ಕೆಲಸವಾಯಿತು. ಸಂಗ್ರಾಹಕರು ಇದನ್ನು ವಿರೂಪವೆಂದು ಹಳಿಯುವುದುಂಟು. ಆದರೆ ಗುಜರಿಗೆ ಹೋಗಬೇಕಾಗಿದ್ದ ಗಾಡಿಗಳಿಗೆ ಇನ್ನೂ ಕೆಲವು ದಶಕಗಳ ಆಯುಸ್ಸು ಸಿಕ್ಕಿದ್ದು ಈ ಬೆರಕೆಯಿಂದಲೇ ಎಂಬುದನ್ನು ಮರೆತು ಬೆಲೆ ಕಟ್ಟುವುದು ಅರ್ಧ ಇತಿಹಾಸವನ್ನು ಓದಿದಂತೆ.

ಪರೀಕ್ಷೆ ಆರಂಭವಾಗಬೇಕಾದ್ದು ಬಣ್ಣದಿಂದಲ್ಲ, ಅಡಿಯಿಂದ. ಚಾಸಿಯ ಎರಡು ಉದ್ದ ತೊಲೆಗಳ ಒಳಮೈಯಲ್ಲಿ, ಅದರಲ್ಲಿಯೂ ಸ್ಪ್ರಿಂಗ್ ಬ್ಲೇಡುಗಳ ಸೆಟ್ಟನ್ನು ತೂಗುಹಾಕುವ ಕೊಂಡಿಗಳ ಬಳಿ ಮತ್ತು ಮೇಲುತಗಡು ಹಾಕಿ ಬೆಸೆದ ಕಡೆಗಳಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದುಮಾಡಿ ಪದರು ಉದುರಿಸುತ್ತದೆ. ಕಡಲಗಾಳಿಯ ಊರಿನಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದ ಮಡ್‌ಗಾರ್ಡಿಗಿಂತ ಈ ಸದ್ದೇ ಹೆಚ್ಚು ನಂಬಿಕೆಗೆ ಅರ್ಹ. ಅನಂತರ ಸಂಖ್ಯೆಗಳು. ಶೆವರ್ಲೆಯ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಬಲಮಗ್ಗುಲಿಗೆ, ಡಿಸ್ಟ್ರಿಬ್ಯೂಟರ್ ಹತ್ತಿರದ ಚಪ್ಪಟೆ ಜಾಗದಲ್ಲಿ ಸಂಖ್ಯೆ ಕೊರೆದಿರುತ್ತದೆ. ‘ಎ’ ಮಾದರಿಯ ಫೋರ್ಡಿನಲ್ಲಿ ಎಂಜಿನ್ನಿನ ಸಂಖ್ಯೆಯನ್ನೇ ಚಾಸಿಯ ಎಡತೊಲೆಯ ಮೇಲೂ ಕೊರೆದು ಅದರ ಮೇಲೆ ಬಾಡಿ ಕೂರಿಸಿರುವುದರಿಂದ ಬಾಡಿ ಎತ್ತದೆ ಅದು ಕಾಣುವುದಿಲ್ಲ.

ಯುದ್ಧಕಾಲದ ಜೀಪೆಂದು ಮಾರುವ ಗಾಡಿಯಲ್ಲಿ ರೇಡಿಯೇಟರಿನ ಕೆಳಗಿನ ಅಡ್ಡತೊಲೆಯನ್ನು ನೋಡಬೇಕು: ಅದು ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್, ತಗಡು ಮಡಚಿದಂತೆ ಚೌಕಾಕಾರವಾಗಿದ್ದರೆ ಫೋರ್ಡ್. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಬಾನೆಟ್ ಎತ್ತರವಾಗಿದ್ದರೆ ಅದು ಯುದ್ಧಾನಂತರದ ಮಾದರಿ, ಬಹುಶಃ ಮಹೀಂದ್ರದ್ದೇ. ಹಸಿರು ಬಣ್ಣಕ್ಕೆ ಮರುಳಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಎಂಜಿನ್ ಮೂಲದ್ದೇ ಆಗಿದ್ದರೆ ಅದರ ದೌರ್ಬಲ್ಯ ತಿಳಿದಿರಬೇಕು. 1937ರಿಂದ 1950ರ ದಶಕದ ಆರಂಭದವರೆಗಿನ ಶೆವರ್ಲೆಯಲ್ಲಿ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳು ಎರಕ ಹೊಯ್ದ ಮೆದುವಾದ ಬಿಳಿ ಲೋಹದವು, ಅವುಗಳಿಗೆ ಎಣ್ಣೆ ತಲುಪುವುದು ಮುಖ್ಯವಾಗಿ ಸಿಡಿತದಿಂದ. ಅರಬೈಲಿನಂಥ ಏರಿನಲ್ಲಿ ವರ್ಷಗಟ್ಟಲೆ ಭಾರ ಎಳೆದ ಎಂಜಿನ್ನಿನೊಳಗಿಂದ ಟಕಟಕ ಸದ್ದು ಬಂದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಫೋರ್ಡ್ ವಿ–8 ಎಂಜಿನ್ನಿನಲ್ಲಿ ಹೊಗೆಯ ದಾರಿ ಬ್ಲಾಕಿನೊಳಗಿಂದಲೇ ಹಾಯುವುದರಿಂದ ನೀರು ಬೇಗ ಕಾಯುತ್ತದೆ, ಬ್ಲಾಕು ವಾಲ್ವ್ ಸೀಟಿನ ಬಳಿ ಬಿರುಕು ಬಿಡುತ್ತದೆ.

ಕಾಗದಪತ್ರಗಳು ಈ ಜಿಲ್ಲೆಯ ರಾಜಕೀಯ ಚರಿತ್ರೆಯನ್ನೇ ಹೇಳುತ್ತವೆ. ‘ಬಿ’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಮುಂಬಯಿ ಆಡಳಿತದ್ದು, ‘ಎಂವೈ’ ಎಂದಿದ್ದರೆ 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನದು, ‘ಕೆಎ 30’ ಇಂದಿನ ಕಾರವಾರದ್ದು. ‘ಜಿಡಿ’ ಎಂದಿರುವ ಗಾಡಿ 1961ರ ಡಿಸೆಂಬರಿನಲ್ಲಿ ವಿಮೋಚನೆಗೊಂಡ ಗೋವೆಯ ನೋಂದಣಿಯದು. ಮಾಜಾಳಿಯ ಗಡಿಯಾಚೆ ಪೋರ್ಚುಗೀಸ್ ಸುಂಕದ ಕೆಳಗೆ ಆಮದಾದ ವಿದೇಶಿ ಕಾರು ಅದಾಗಿರಬಹುದಾದ್ದರಿಂದ ಮೂಲ ಆಮದು ದಾಖಲೆಯನ್ನೂ ಕೇಳಿ ನೋಡುವುದು ಒಳಿತು.

ಕೇಂದ್ರ ಸರಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ, ಗಣನೀಯ ಮಾರ್ಪಾಡು ಕಾಣದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ‘ವಿಎ’ ಅಕ್ಷರಗಳ ವಿಂಟೇಜ್ ಸಂಖ್ಯೆಯನ್ನು ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮಾರಾಟವಾದರೆ 90 ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ನಗರದ ಶೆಡ್ಡಿನಲ್ಲಿ ನೆರಳು ಕಂಡ ಕಾರಿಗೆ ಈ ಅಳತೆ ಒಪ್ಪುತ್ತದೆ. ಮರ, ಮೀನು, ಅದಿರು ಹೊತ್ತು ಡೀಸೆಲ್ ಎಂಜಿನ್ನಿಗೆ ಬದಲಾದ ಫಾರ್ಗೊ ಲಾರಿಯಾದರೋ ವಾಣಿಜ್ಯ ಬಳಕೆ ಮತ್ತು ಮಾರ್ಪಾಡು ಎಂಬ ಎರಡೂ ಕಾರಣಗಳಿಂದ ಈ ವ್ಯಾಖ್ಯೆಯ ಹೊರಗುಳಿಯುತ್ತದೆ. ಅದನ್ನು ಕೊಳ್ಳುವವರು ಪರ್ಕಿನ್ಸನ್ನು ಕಿತ್ತು ಮೂಲ ಎಂಜಿನ್ನಿಗಾಗಿ ಹುಬ್ಬಳ್ಳಿ, ಮುಂಬಯಿಯ ಗುಜರಿ ಅಂಗಡಿಗಳನ್ನು ಅಲೆಯುವುದಕ್ಕಿಂತ, ಎಂಜಿನ್ ಬದಲಾವಣೆ ಆರ್‌ಸಿ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಮೊದಲು ನೋಡಿ, ದಾಖಲಾಗಿದ್ದರೆ ಆ ಪುಟಕ್ಕೂ ಬೆಲೆ ಕೊಡುವುದು ಹೆಚ್ಚು ವಿವೇಕದ ವ್ಯವಹಾರ.